ಗೊತ್ತಿಲ್ಲದವರಿಗಾಗಿ ಬರೆಯುವುದು

(ಧಾರವಾಡದಲ್ಲಿ ಪದವಿ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ವೇಳೆ ಸಾಲದೆ ಅಂದು ಬಿಟ್ಟಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ.)

ಹಿರಿಯರೇ, ಗೆಳೆಯ ಗೆಳತಿಯರೇ,

ಬರವಣಿಗೆಯ ಬಗ್ಗೆ ಮಾತನಾಡಲು ಹತ್ತಾರು ಪುಸ್ತಕಗಳನ್ನು ಬರೆದವರನ್ನು ಕರೆಯುವುದು ರೂಢಿ, ಮತ್ತು ಈ ಊರಿನಲ್ಲಿ ಅಂಥವರಿಗೆ ಎಂದೂ ಕೊರತೆಯಾಗಿಲ್ಲ. ಆದರೂ ಈ ಉಪನ್ಯಾಸವನ್ನು ಏರ್ಪಡಿಸಿದ ಬಳಗದವರು ಇನ್ನೂ ಓದುತ್ತಿರುವ ಒಬ್ಬಳನ್ನು ಕರೆದು, ಬರೆಯುವುದರಲ್ಲಿ ಮತ್ತು ಮಾತನಾಡುವುದರಲ್ಲಿ ವಿದ್ಯಾರ್ಥಿಯಾದವಳು ಹೇಗೆ ಬೆಳೆಯುತ್ತಾಳೆ ಎಂಬುದನ್ನು ಆ ದಾರಿಯ ನಡುವೆಯೇ ನಿಂತು ಹೇಳಬೇಕೆಂದು ಕೇಳಿದ್ದಾರೆ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ಬಂದು ಇಲ್ಲಿಯ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿರುವವಳು. ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಒಂದೇ ಸಂಗತಿ. ಶಾಲೆಯ ಮೊದಲ ತರಗತಿಯಿಂದ ಪದವಿಯ ಕೊನೆಯ ಪರೀಕ್ಷೆಯವರೆಗೆ ನಾವು ಬರೆಯುವುದೆಲ್ಲವೂ ವಿಷಯ ಈಗಾಗಲೇ ಗೊತ್ತಿರುವ ಓದುಗನಿಗಾಗಿ. ಬರೆಯುವವರಾಗಿ ನಮ್ಮ ಬೆಳವಣಿಗೆ ಆರಂಭವಾಗುವುದು ವಿಷಯ ಗೊತ್ತಿಲ್ಲದ, ಆದರೆ ಬುದ್ಧಿಯಲ್ಲಿ ನಮಗಿಂತ ಯಾವ ರೀತಿಯಲ್ಲೂ ಕಡಿಮೆಯಿಲ್ಲದ ಒಬ್ಬರಿಗಾಗಿ ಬರೆಯತೊಡಗಿದಾಗ.

ನಾವೆಲ್ಲ ಬರೆದ ಉತ್ತರಪತ್ರಿಕೆಗಳನ್ನು ನೆನೆಯಿರಿ. ಅದನ್ನು ಓದುವ ಮೌಲ್ಯಮಾಪಕರಿಗೆ ಪ್ರಶ್ನೆಯೂ ಗೊತ್ತು, ಉತ್ತರವೂ ಗೊತ್ತು. ಅವರು ನೋಡುವುದು ಆ ಉತ್ತರ ನಮಗೆ ಗೊತ್ತಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ಹೀಗಾಗಿ ಉತ್ತರದ ಅಂಶಗಳು ಪುಟದ ಮೇಲೆ ಬಂದರೆ ಸಾಕು, ಒಂದು ಅಂಶದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ನಾವು ಹಾಕಿಕೊಡಬೇಕಾಗಿಲ್ಲ. ನಾವು ಬಿಟ್ಟ ಕೊಂಡಿಗಳನ್ನು ಅವರೇ ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತಾರೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗಗಳ ಪ್ರಬಂಧವೂ ಇದೇ ಓದುಗನಿಗಾಗಿ ಹುಟ್ಟಿಕೊಂಡದ್ದು. ಈ ಅಭ್ಯಾಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗೊತ್ತುಮಾಡಿದ ವೇಳೆಯೊಳಗೆ ಬರೆದು ಮುಗಿಸುವುದನ್ನು, ಹೇಳಬೇಕಾದದ್ದನ್ನು ಒಂದು ಕ್ರಮಕ್ಕೆ ತರುವುದನ್ನು ಅದು ನನಗೆ ಕಲಿಸಿದೆ, ಮತ್ತು ಹಳ್ಳಿಯ ಶಾಲೆಯಿಂದ ಬಂದವರಿಗೆ ಬರವಣಿಗೆಯ ಮೊದಲ ಧೈರ್ಯ ಸಿಗುವುದೂ ಅಲ್ಲಿಯೇ. ಆದರೆ ‘ಇಂದಿನ ಆಧುನಿಕ ಯುಗದಲ್ಲಿ ಮಾಧ್ಯಮಗಳು ಪ್ರಮುಖ ಪಾತ್ರ ವಹಿಸುತ್ತವೆ’ ಎಂಬಂಥ ವಾಕ್ಯ ನಮ್ಮ ಕೈಯಿಂದ ತಾನಾಗಿಯೇ ಇಳಿದುಬರುವುದಕ್ಕೆ ಕಾರಣ, ಅದನ್ನು ಓದಿ ಏನನ್ನಾದರೂ ತಿಳಿದುಕೊಳ್ಳಬೇಕಾದ ಅಗತ್ಯ ಯಾರಿಗೂ ಇಲ್ಲದಿರುವುದು. ಮಾಧ್ಯಮ ಎಂದರೇನೆಂದು ನಿಜವಾಗಿ ಕೇಳುತ್ತಿರುವ ಮನುಷ್ಯ ಎದುರಿಗಿದ್ದರೆ ಆ ವಾಕ್ಯವನ್ನು ಬರೆಯಲು ಕೈ ಏಳುವುದಿಲ್ಲ.

ಈ ನೆಲದಲ್ಲಿ ಬರವಣಿಗೆ ಪರೀಕ್ಷೆಯ ಆಚೆಗೆ ಬೆಳೆದದ್ದೇ ಓದುಗರನ್ನು ಹುಡುಕಿಕೊಂಡು ಹೋದವರಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಶಾಲೆಗಳಲ್ಲಿ ಮರಾಠಿ ನಡೆಯುತ್ತಿದ್ದಾಗ, ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, 1896ರಲ್ಲಿ ಆ ಸಂಘದ ‘ವಾಗ್ಭೂಷಣ’ ಪತ್ರಿಕೆ ಬಂದಿತು. ನಮ್ಮ ಹಾವೇರಿ ಸೀಮೆಯ ಗಳಗನಾಥರು ಕಾದಂಬರಿಗಳನ್ನು ಬರೆದು ಸುಮ್ಮನೆ ಕೂರಲಿಲ್ಲ. ಪುಸ್ತಕಗಳ ಗಂಟನ್ನು ಸ್ವತಃ ಹೊತ್ತು ಊರೂರು ತಿರುಗಿ ಮಾರಿದರು. ಈ ಸಂಗತಿಯನ್ನು ಸಾಮಾನ್ಯವಾಗಿ ಅವರ ತ್ಯಾಗದ ಉದಾಹರಣೆಯಾಗಿ ಹೇಳುತ್ತಾರೆ, ಅದು ಸರಿಯೇ. ನನಗೆ ಅದರಲ್ಲಿ ಇನ್ನೊಂದೂ ಕಾಣುತ್ತದೆ. ತಾನು ಬರೆದದ್ದನ್ನು ಓದುವವರ ಮನೆಯ ಬಾಗಿಲಲ್ಲಿ ನಿಂತು, ಅವರ ಮುಖ ನೋಡಿ, ಅವರು ಏನು ಕೇಳುತ್ತಾರೆಂಬುದನ್ನು ಕೇಳಿಸಿಕೊಂಡು ಮರಳಿದ ಲೇಖಕನಿಗೆ, ತನ್ನ ಓದುಗ ಯಾರು ಎಂಬ ಪ್ರಶ್ನೆ ಎಂದೂ ಅಮೂರ್ತವಾಗಿ ಉಳಿದಿರಲಾರದು.

ಇದನ್ನೆಲ್ಲ ನಾನು ಕೆಲಸ ಮಾಡುತ್ತಲೇ ಅರಿತುಕೊಂಡದ್ದರಿಂದ, ಆ ಕೆಲಸವೊಂದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಬಗ್ಗೆ ಬರೆಯುವುದನ್ನು ನಾನು ಆರಿಸಿಕೊಂಡಿದ್ದೆ. ಒಂದು ಸೀಮೆಯ ವಿಶಿಷ್ಟ ಉತ್ಪನ್ನವೆಂದು ಗುರುತಿಸುವ ಭೌಗೋಳಿಕ ಸೂಚಕದ ಮನ್ನಣೆ ಬ್ಯಾಡಗಿ ಕಾಯಿಗೆ 2011ರಲ್ಲಿ ಸಿಕ್ಕಿದೆ, ಅದರಲ್ಲಿ ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಗಳಿವೆ, ಹಾವೇರಿಯಷ್ಟೇ ಅಲ್ಲದೆ ಗದಗ, ಧಾರವಾಡ, ಬಳ್ಳಾರಿ, ರಾಯಚೂರು ಮತ್ತು ಆಂಧ್ರದಿಂದಲೂ ಮಾಲು ಬರುತ್ತದೆ ಎಂಬ ವಿವರಗಳನ್ನು ಜೋಡಿಸಿದರೆ ಒಂದು ವರದಿಯಾಗುತ್ತದೆ, ಗೊತ್ತಿದ್ದವರಿಗೆ ಅದು ಸಾಲುತ್ತದೆ ಕೂಡ. ನಾನು ಅದನ್ನು ಬರೆಯುವ ಮೊದಲು ವಸತಿನಿಲಯದ ನನ್ನ ಗೆಳತಿಗೆ ಬಾಯಿಮಾತಿನಲ್ಲಿ ಹೇಳಿದೆ. ಅವಳು ಶಿರಸಿ ಕಡೆಯವಳು, ಅಡಿಕೆ ಬೆಳೆಯುವ ಮನೆತನದವಳು. ಟೆಂಡರ್ ಎಂದರೇನು, ದಲಾಲರು ಏನು ಮಾಡುತ್ತಾರೆ, ಒಂದೇ ತೋಟದ ಮಾಲು ಎರಡು ದರಕ್ಕೆ ಯಾಕೆ ಹೋಗುತ್ತದೆ ಎಂಬುದೆಲ್ಲ ಅವಳಿಗೆ ಚಿಕ್ಕಂದಿನಿಂದಲೂ ಗೊತ್ತು. ಮೆಣಸಿನಕಾಯಿಯ ಬಗ್ಗೆ ಮಾತ್ರ ಗೊತ್ತಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಪ್ರಶ್ನೆ: ಖಾರವೇ ಕಡಿಮೆಯಿರುವ ಮೆಣಸಿನಕಾಯಿಯನ್ನು ಜನ ಅಷ್ಟು ಹಣ ಕೊಟ್ಟು ಯಾಕೆ ಕೊಳ್ಳುತ್ತಾರೆ?

ನಮ್ಮ ಸೀಮೆಯಲ್ಲಿ ಹುಟ್ಟಿದವರು ಯಾರೂ ಕೇಳದ ಪ್ರಶ್ನೆ ಅದು, ಯಾಕೆಂದರೆ ಉತ್ತರ ನಮಗೆ ಗೊತ್ತೆಂದು ನಾವು ಭಾವಿಸಿರುತ್ತೇವೆ. ಬ್ಯಾಡಗಿ ಕಾಯಿಯನ್ನು ಕೊಳ್ಳುವುದು ಬಣ್ಣಕ್ಕಾಗಿ. ಮಸಾಲೆ ಪುಡಿ ಮಾಡುವ ಕಂಪನಿಗಳಿಗೆ ಬೇಕಾದದ್ದು ಗಾಢವಾದ ಕೆಂಪು. ಕಾಯಿಯಿಂದ ಓಲಿಯೊರೆಸಿನ್ ಎಂಬ ಬಣ್ಣದ ಸಾರವನ್ನು ತೆಗೆಯುವ ಘಟಕಗಳಿಗೆ ಬೇಕಾದದ್ದೂ ಅದೇ, ಮತ್ತು ಆ ಬಣ್ಣ ಆಹಾರ ಪದಾರ್ಥಗಳಿಗೂ ತುಟಿಗೆ, ಉಗುರಿಗೆ ಹಚ್ಚುವ ಬಣ್ಣಗಳಿಗೂ ಹೋಗುತ್ತದೆ. ಖಾರ ಬೇಕೆಂದವರಿಗೆ ಗುಂಟೂರಿನ ಕಾಯಿ ಇದೆ. ಇಷ್ಟು ಹೇಳಿದ ಕೂಡಲೇ ನನ್ನ ಬಳಿ ಇದ್ದ ಉಳಿದ ವಿವರಗಳೆಲ್ಲ ತಮ್ಮ ತಮ್ಮ ಜಾಗವನ್ನು ಕಂಡುಕೊಂಡವು. ಕಾಯಿಯನ್ನು ಕಣದಲ್ಲಿ ಒಣಗಿಸುವಾಗ ರೈತರು ಮಳೆ ಮೋಡಕ್ಕೆ ಯಾಕಷ್ಟು ಹೆದರುತ್ತಾರೆ, ಬೆಳ್ಳಗಾದ ಕಾಯಿಗಳನ್ನು ಹೆಂಗಸರು ದಿನಗಟ್ಟಲೆ ಕೂತು ಯಾಕೆ ಆರಿಸಿ ಬೇರೆ ಮಾಡುತ್ತಾರೆ, ಊರ ಸುತ್ತ ಅಷ್ಟೊಂದು ಶೀತಲಗೃಹಗಳು ಯಾಕೆ ಎದ್ದಿವೆ ಎಂಬ ಮೂರಕ್ಕೂ ಉತ್ತರ ಬಣ್ಣವೇ. ಒಣಗದ ಕಾಯಿ ಕೊಳೆತು ಬಣ್ಣಗೆಡುತ್ತದೆ, ಬಿಳುಪಾದ ಕಾಯಿ ಇಡೀ ಚೀಲದ ದರವನ್ನು ಇಳಿಸುತ್ತದೆ, ಬಿಸಿಲು ಸೆಕೆಯಲ್ಲಿ ಇಟ್ಟ ಕಾಯಿಯ ಕೆಂಪು ದಿನ ಕಳೆದಂತೆ ಮಾಸುತ್ತದೆ. ಮಾರುಕಟ್ಟೆಯ ಇತಿಹಾಸದಿಂದ ಆರಂಭವಾಗಬೇಕಿದ್ದ ಬರಹ ಗೆಳತಿಯ ಪ್ರಶ್ನೆಯಿಂದ ಆರಂಭವಾಯಿತು, ಇತಿಹಾಸ ಮೂರೇ ವಾಕ್ಯಗಳಲ್ಲಿ ಮುಗಿಯಿತು.

ಪ್ರಶ್ನೆ ಸಿಕ್ಕ ಮೇಲೆ ಮತ್ತೆ ಮಾರುಕಟ್ಟೆಗೆ ಹೋಗಬೇಕಾಯಿತು. ದಲಾಲಿ ಅಂಗಡಿಗಳ ಮುಂದೆ ಚೀಲಗಳ ಲಾಟುಗಳನ್ನು ಹಚ್ಚಿರುತ್ತಾರೆ. ಖರೀದಿದಾರರು ಒಂದೊಂದನ್ನೂ ನೋಡುತ್ತ ಹೋಗಿ ತಮ್ಮ ದರವನ್ನು ಇ-ಟೆಂಡರಿನಲ್ಲಿ ನಮೂದಿಸುತ್ತಾರೆ. ಹೆಚ್ಚು ದರ ಹಾಕಿದವರ ಹೆಸರು ಆಮೇಲೆ ಹೊರಬರುತ್ತದೆ. ಚೀಲದ ಮುಂದೆ ಖರೀದಿದಾರ ನಿಲ್ಲುವುದು ಕೆಲವೇ ಕ್ಷಣ. ಅಷ್ಟರಲ್ಲಿ ಅವನು ಏನು ನೋಡುತ್ತಾನೆಂದು ಅಲ್ಲಿದ್ದ ಹಿರಿಯ ರೈತರೊಬ್ಬರನ್ನು ಕೇಳಿದೆ. ‘ಕೈಯಾಗ ಹಿಡದ್ರ ತಿಳೀತೈತವ್ವಾ’ ಎಂದರು. ಅದು ನಿಜವಾದ ಉತ್ತರ, ಆದರೆ ಕೈಗೆ ಗೊತ್ತಿರುವುದು ಪುಟದ ಮೇಲೆ ಬರುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ಬದಲಿಸಿ, ಅಕ್ಕಪಕ್ಕದ ಎರಡು ಚೀಲಗಳನ್ನು ತೋರಿಸಿ, ಇದರಲ್ಲಿ ಯಾವುದಕ್ಕೆ ಹೆಚ್ಚು ದರ ಬರುತ್ತದೆ, ಯಾಕೆ ಎಂದು ಕೇಳಿದೆ. ಆಗ ಅವರು ಎರಡೂ ಚೀಲದಿಂದ ಒಂದೊಂದು ಕಾಯಿ ತೆಗೆದು ಬಾಗಿಸಿ ತೋರಿಸಿದರು. ಒಂದು ಸದ್ದು ಮಾಡಿ ಮುರಿಯಿತು, ಅಲುಗಿಸಿದರೆ ಅದರೊಳಗಿನ ಬೀಜ ಗಿಲಕಿಯಂತೆ ಆಡುತ್ತಿತ್ತು. ಇನ್ನೊಂದು ಹಸಿ ಉಳಿದುಕೊಂಡು ಬಾಗಿತಷ್ಟೆ. ಡಬ್ಬಿ ಕಾಯಿಯ ಗಿಡ್ಡ, ದಪ್ಪ ಮೈಯನ್ನೂ ಕಡ್ಡಿ ಕಾಯಿಯ ಉದ್ದ, ಸುಕ್ಕುಗಟ್ಟಿದ ಮೈಯನ್ನೂ ಪಕ್ಕಪಕ್ಕದಲ್ಲಿಟ್ಟು ಬಣ್ಣ ತೋರಿಸಿದರು. ಆ ಹಿರಿಯರು ಹೇಳಿದ್ದಷ್ಟನ್ನೂ ನಾನು ಅಲ್ಲಿಯೇ ಅವರಿಗೆ ನನ್ನ ಮಾತಿನಲ್ಲಿ ತಿರುಗಿ ಹೇಳಿದೆ. ಅವರು ಎರಡು ಕಡೆ ತಿದ್ದಿದರು. ಕೇಳಿದ್ದನ್ನು ಹೇಳಿದವರಿಗೇ ಮರಳಿ ಒಪ್ಪಿಸುವ ಈ ಪದ್ಧತಿಯನ್ನು ಅಂದಿನಿಂದ ನಾನು ಬಿಟ್ಟಿಲ್ಲ. ಧ್ವನಿಮುದ್ರಣ ಇದ್ದರೂ ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮೊಬೈಲಿನಲ್ಲಿ ಉಳಿಯುವುದು ಅವರ ಮಾತು, ನಾನು ಅದನ್ನು ಅರ್ಥಮಾಡಿಕೊಂಡ ರೀತಿಯನ್ನು ಅದು ಪರೀಕ್ಷಿಸುವುದಿಲ್ಲ.

ನಾವು ಸಂವಹನ ಎಂದಾಗ ಮಾತನಾಡುವುದನ್ನೇ ಹೆಚ್ಚಾಗಿ ಎಣಿಸುತ್ತೇವೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಶ್ರೀವಿಜಯ ಕನ್ನಡ ನಾಡಿನ ಜನರನ್ನು ಹೊಗಳುವಾಗ, ಅವರು ಹದವರಿತು ನುಡಿಯಬಲ್ಲರು ಎಂದಷ್ಟಕ್ಕೆ ನಿಲ್ಲುವುದಿಲ್ಲ, ಇನ್ನೊಬ್ಬರು ನುಡಿದದ್ದನ್ನು ಅರಿತು ಪರಿಶೀಲಿಸಲೂ ಬಲ್ಲರು ಎನ್ನುತ್ತಾನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ಗಮನಿಸಬೇಕು. ಅದೇ ಗ್ರಂಥ ಕನ್ನಡದ ತಿರುಳು ನೆಲೆಗಳೆಂದು ಹೆಸರಿಸುವ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದು ಇಂದಿನ ಲಕ್ಷ್ಮೇಶ್ವರ, ಗದಗ ಜಿಲ್ಲೆಯದು, ಈ ಸಭೆಯಲ್ಲಿರುವ ಕೆಲವರ ತಾಲೂಕು ಕೇಂದ್ರ. ನಮ್ಮ ಪಠ್ಯಗಳಲ್ಲಿ ಭಾಷಣ ಕಲೆಗೆ ಪಾಠಗಳಿವೆ, ಸ್ಪರ್ಧೆಗಳಿವೆ, ಢಾಲುಗಳಿವೆ. ಕೇಳಿಸಿಕೊಳ್ಳುವುದನ್ನು ಮಾತ್ರ ಯಾರೂ ಅಭ್ಯಾಸ ಮಾಡಿಸುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ವಾದವನ್ನು ಅವನು ಒಪ್ಪುವಂತೆ ಮೊದಲು ಸಂಗ್ರಹಿಸಿ ಹೇಳಿದವರಿಗೇ ಉತ್ತರ ಕೊಡುವ ಅವಕಾಶ ಎಂದು ಒಂದು ನಿಯಮ ಮಾಡಿದರೆ ನಮ್ಮ ಕಾಲೇಜುಗಳ ಚರ್ಚೆಗಳು ಎಷ್ಟು ಬದಲಾಗಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಈ ಬಳಗ ಮುಂದೆ ಚರ್ಚೆ ಏರ್ಪಡಿಸಿದಾಗ ಇದನ್ನು ಪರಿಗಣಿಸಬೇಕೆಂದು ಕೋರುತ್ತೇನೆ.

ಇಲ್ಲಿಂದ ಭಾಷೆಯ ಪ್ರಶ್ನೆಗೆ ಬರುತ್ತೇನೆ, ಇದು ನಮ್ಮ ಭಾಗದ ವಿದ್ಯಾರ್ಥಿಗಳಿಗೆ ವಿಶೇಷವಾದದ್ದು. ಮನೆಯಲ್ಲಿ ನಾವಾಡುವ ಕನ್ನಡ ಒಂದು, ಪುಸ್ತಕದಲ್ಲಿ ಓದುವ ಕನ್ನಡ ಇನ್ನೊಂದು. ಬರೆಯಲು ಕೂತ ಕೂಡಲೇ ಮನೆಯ ಮಾತನ್ನು ಹೊರಗಿಟ್ಟು ಬರಬೇಕೆಂದು ನಮಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರೂ ಹಾಗೆಯೇ ಕಲಿಯುತ್ತೇವೆ. ನಾನು ಬರೆಯುವುದು ಶಿಷ್ಟ ಕನ್ನಡದಲ್ಲಿಯೇ, ಈ ಉಪನ್ಯಾಸವೂ ಅದರಲ್ಲಿಯೇ ಇದೆ, ಮತ್ತು ಅದರ ಬಗ್ಗೆ ನನಗೆ ಗೌರವವಿದೆ. ಮೈಸೂರಿನವರೂ ಮಂಗಳೂರಿನವರೂ ಬೀದರಿನವರೂ ಒಟ್ಟಿಗೆ ಓದಬಹುದಾದ ಭಾಷೆಯನ್ನು ಕಟ್ಟಲು ಹಿರಿಯರು ಬಹಳ ಶ್ರಮಪಟ್ಟಿದ್ದಾರೆ. ತೊಡಕು ಇರುವುದು ಬೇರೆಯವರ ಮಾತನ್ನು ನಮ್ಮ ಬರಹದಲ್ಲಿ ತರುವಾಗ.

ಪತ್ರಿಕೆಗಳ ವರದಿಗಳನ್ನು ಈ ದೃಷ್ಟಿಯಿಂದ ಓದಿ ನೋಡಿ. ಅಧಿಕಾರಿಯ ಮಾತು ‘ಕ್ರಮ ಕೈಗೊಳ್ಳಲಾಗುತ್ತಿದೆ ಎಂದು ತಿಳಿಸಿದರು’ ಎಂದು ಬರುತ್ತದೆ. ಅದೇ ವರದಿಯಲ್ಲಿ ರೈತನ ಮಾತು ‘ನಾವು ಸಾಯೂದೊಂದ ಬಾಕಿ ಐತ್ರಿ’ ಎಂದು ಬರುತ್ತದೆ. ಬರೆಯುವವರ ಉದ್ದೇಶ ಒಳ್ಳೆಯದೇ ಇರುತ್ತದೆ, ರೈತನ ಮಾತಿನ ಬಿಸಿ ಓದುಗನಿಗೆ ತಟ್ಟಲಿ ಎಂಬ ಆಶಯ ಇರುತ್ತದೆ. ಆದರೆ ನಾನು ಕಚೇರಿಗಳಿಗೆ ಹೋಗಿ ಕೇಳಿದ್ದೇನೆ, ಅಧಿಕಾರಿಯೂ ನಮ್ಮ ಭಾಗದವರಾಗಿದ್ದರೆ ‘ಮಾಡಾಕತ್ತೇವ್ರಿ, ಮ್ಯಾಲಿಂದ ಆರ್ಡರ್ ಬರ್ಬೇಕು’ ಎಂದೇ ಮಾತನಾಡುತ್ತಾರೆ. ಇಬ್ಬರೂ ಆಡಿದ್ದು ಒಂದೇ ಕನ್ನಡ. ಒಬ್ಬರ ಮಾತನ್ನು ಇಸ್ತ್ರಿ ಮಾಡಿ, ಇನ್ನೊಬ್ಬರದನ್ನು ಇದ್ದಂತೆ ಬಿಟ್ಟಾಗ, ಒಬ್ಬರು ವಿಚಾರ ಮಾಡುವವರು, ಇನ್ನೊಬ್ಬರು ಬರೀ ನೋವುಣ್ಣುವವರು ಎಂಬ ಚಿತ್ರ ಓದುಗನ ಮನಸ್ಸಿನಲ್ಲಿ ಮೂಡುತ್ತದೆ. ಆ ರೈತ ಬೆಳೆ, ಸಾಲ, ದರಗಳ ಲೆಕ್ಕವನ್ನು ಬಾಯಲ್ಲೇ ಮಾಡಿ ತೋರಿಸಿದ್ದರೂ ಬರಹದಲ್ಲಿ ಉಳಿಯುವುದು ಅವನ ಉದ್ಗಾರ ಮಾತ್ರ. ಈ ಬಗ್ಗೆ ನಾನು ತರಗತಿಯಲ್ಲಿ ವಾದಿಸಿದ್ದೇನೆ, ಇಲ್ಲಿಯೂ ಒತ್ತಿ ಹೇಳುತ್ತೇನೆ. ಆಡುಮಾತನ್ನು ಹಾಗೆಯೇ ಕೊಡುವುದಾದರೆ ಇಬ್ಬರದನ್ನೂ ಹಾಗೆಯೇ ಕೊಡಬೇಕು. ಶಿಷ್ಟರೂಪಕ್ಕೆ ತರುವುದಾದರೆ ಇಬ್ಬರದನ್ನೂ ತರಬೇಕು. ನಾನು ಬ್ಯಾಡಗಿಯ ಬರಹದಲ್ಲಿ ರೈತರು, ದಲಾಲರು, ಖರೀದಿದಾರರು, ಮಾರುಕಟ್ಟೆಯ ಸಿಬ್ಬಂದಿ ಎಲ್ಲರ ಮಾತನ್ನೂ ಆಡಿದಂತೆಯೇ ಇಟ್ಟೆ. ಓದಿದವರಿಗೆ ಯಾರು ಎಷ್ಟು ತಿಳಿದು ಮಾತನಾಡುತ್ತಿದ್ದಾರೆ ಎಂಬುದು ಆಗ ಸರಿಯಾಗಿ ಕಂಡಿತು.

ನಮ್ಮ ಮಾತನ್ನು ನಗಿಸುವುದಕ್ಕೆ ಮಾತ್ರ ಬಳಸುವ ಚಾಳಿ ಸಿನಿಮಾಗಳಲ್ಲಿ, ನಾಟಕಗಳಲ್ಲಿ ಬಹಳ ಕಾಲದಿಂದ ಇದೆ. ಅದನ್ನು ನೋಡಿ ಬೆಳೆದ ಹುಡುಗ ಹುಡುಗಿಯರು ಬೆಂಗಳೂರಿನ ಸಂದರ್ಶನಕ್ಕೆ ಹೋಗುವ ಮುನ್ನ ತಮ್ಮ ನಾಲಿಗೆಯನ್ನೇ ತಿದ್ದಿಕೊಳ್ಳಲು ಯತ್ನಿಸುತ್ತಾರೆ, ಹಾಗೆ ಯತ್ನಿಸುವಾಗ ಹೇಳಬೇಕಾದ ವಿಷಯವೇ ತಪ್ಪಿಹೋಗುತ್ತದೆ. ಅವರಿಗೆ ನಾನು ನೆನಪಿಸುವುದು ಇಷ್ಟು: ಇದೇ ಊರಿನ ಸಾಧನಕೇರಿಯಲ್ಲಿ ಇದ್ದ ಬೇಂದ್ರೆಯವರು ಕನ್ನಡ ಕಾವ್ಯದ ಅತ್ಯಂತ ಗಹನವಾದ ವಿಚಾರಗಳನ್ನು ಧಾರವಾಡದ ಆಡುಮಾತಿನಲ್ಲಿ ಹೇಳಿದರು, 1973ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಿತು. ಶಿಶುನಾಳದ ಶರೀಫರ ತತ್ತ್ವಪದಗಳು ಹಾವೇರಿ ಜಿಲ್ಲೆಯ ಹೊಲಗಳ ಮಾತಿನಲ್ಲಿಯೇ ಇವೆ. ಗಂಭೀರವಾದದ್ದನ್ನು ಹೇಳಲು ಈ ಮಾತಿಗೆ ಯಾವ ಕೊರತೆಯೂ ಇಲ್ಲ.

ಮಾತನಾಡುವ ಬಗ್ಗೆ ಕೇಳಿದವರಿಗೆ ನಾನು ಹೇಳುವ ಮೊದಲ ಸಲಹೆ ಶ್ರಾವಣದ ಪುರಾಣ ಪ್ರವಚನಕ್ಕೆ ಹೋಗಿ ಕುಳಿತುಕೊಳ್ಳಿ ಎಂಬುದು. ನಮ್ಮ ಸೀಮೆಯ ಹಳ್ಳಿಹಳ್ಳಿಗಳ ಮಠಗಳಲ್ಲಿ, ಗುಡಿಗಳಲ್ಲಿ ಇಡೀ ತಿಂಗಳು ಅದು ನಡೆಯುತ್ತದೆ. ಹೊಲದ ಕೆಲಸ ಮುಗಿಸಿ ದಣಿದು ಬಂದ ಜನ, ಮಡಿಲಲ್ಲಿ ಮಲಗಿದ ಮಕ್ಕಳು, ಹೊರಗೆ ಮಳೆ. ಇವರೆಲ್ಲರನ್ನೂ ಒಂದೂವರೆ ಎರಡು ತಾಸು ಹಿಡಿದು ಕೂಡಿಸಬೇಕು. ಪ್ರವಚನಕಾರರು ಒಂದು ವಿಚಾರವನ್ನು ಹೇಳುತ್ತಾರೆ, ಅದಕ್ಕೊಂದು ಪ್ರಸಂಗವನ್ನು ಜೋಡಿಸುತ್ತಾರೆ, ಅಷ್ಟರಲ್ಲಿ ಗವಾಯಿಗಳು ಅದೇ ವಿಚಾರದ ವಚನವನ್ನೋ ಪದವನ್ನೋ ಎತ್ತಿಕೊಂಡು ಹಾಡುತ್ತಾರೆ. ಹಾಡಿನ ವೇಳೆಯಲ್ಲಿ ಕೇಳುವವರಿಗೆ ಹೇಳಿದ್ದನ್ನು ಅರಗಿಸಿಕೊಳ್ಳಲು ಬಿಡುವು ಸಿಗುತ್ತದೆ. ಆ ಗವಾಯಿಗಳಲ್ಲಿ ಅನೇಕರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳ, ಅವರ ನಂತರ ಪುಟ್ಟರಾಜ ಗವಾಯಿಗಳ ನೆರಳಿನಲ್ಲಿ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿತು ನಾಡಿನುದ್ದಕ್ಕೂ ಹೋದದ್ದು ಎಲ್ಲರೂ ಬಲ್ಲ ಸಂಗತಿ. ನಾನು ಗಮನಿಸಿದ್ದು ಪ್ರವಚನದಲ್ಲಿ ಹೊಸ ಮಾತು ಎಷ್ಟು ಕಡಿಮೆ ಇರುತ್ತದೆ ಎಂಬುದನ್ನು. ಒಂದು ಸಂಜೆಗೆ ಒಂದೇ ವಿಚಾರ. ನಮ್ಮ ಸೆಮಿನಾರುಗಳಲ್ಲಿ ಹದಿನೈದು ನಿಮಿಷಕ್ಕೆ ಇಪ್ಪತ್ತು ಸ್ಲೈಡು ತೋರಿಸುವವರು ಇದನ್ನು ಯೋಚಿಸಬೇಕು.

ಕಿವಿಗಾಗಿ ಬರೆಯುವುದನ್ನು ಕಲಿಯಲು ಬ್ಯಾಡಗಿಯ ಅದೇ ಬರಹವನ್ನು ನಾನು ಬಾನುಲಿಗೆ ಹೊಂದುವಂತೆ ಮತ್ತೆ ಬರೆದೆ. ಈ ಊರಿನ ಆಕಾಶವಾಣಿ ಕೇಂದ್ರ 1950ರ ಜನವರಿ 8ರಿಂದ ಮಾತನಾಡುತ್ತಿದೆ, ನಮ್ಮ ಮನೆಗಳಲ್ಲಿ ರೊಟ್ಟಿ ಬಡಿಯುವ ಹೊತ್ತಿಗೂ ದನ ಕಟ್ಟುವ ಹೊತ್ತಿಗೂ ಅದರ ದನಿ ಇರುತ್ತಿತ್ತು. ಕೇಳುವವರು ಹಿಂದಿನ ಪುಟಕ್ಕೆ ಮರಳಲಾರರು. ಹೀಗಾಗಿ ‘ಅದು’, ‘ಅವರು’ ಎಂದು ಬರೆದ ಕಡೆಯಲ್ಲೆಲ್ಲ ಹೆಸರನ್ನೇ ಮತ್ತೆ ಹೇಳಬೇಕು, ಒಂದು ವಾಕ್ಯದಲ್ಲಿ ಒಂದಕ್ಕಿಂತ ಹೆಚ್ಚು ಅಂಕಿ ಇರಬಾರದು, ಕ್ರಿಯಾಪದಕ್ಕಾಗಿ ಬಹಳ ಹೊತ್ತು ಕಾಯಿಸಬಾರದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಕೊನೆಯ ಎಚ್ಚರ ಬಹಳ ಮುಖ್ಯ. ಉದ್ದನೆಯ ವಾಕ್ಯದಲ್ಲಿ ಯಾರು ಏನು ಮಾಡಿದರೆಂಬುದು ತಿಳಿಯುವ ಮೊದಲೇ ಕೇಳುವವರ ಗಮನ ಜಾರಿರುತ್ತದೆ. ಕಿವಿಗಾಗಿ ತಿದ್ದಿದ ಆ ಬರಹದಿಂದ ಕೆಲವು ವಾಕ್ಯಗಳನ್ನು ನಾನು ಅಚ್ಚಿನ ಬರಹಕ್ಕೂ ಮರಳಿ ತೆಗೆದುಕೊಂಡೆ.

ತಿದ್ದುವುದರ ಬಗ್ಗೆ ಒಂದು ಮಾತು. ಗದುಗಿನ ಕುಮಾರವ್ಯಾಸ ತನ್ನ ಕಾವ್ಯದ ಆರಂಭದಲ್ಲಿ ಹಲಗೆ ಬಳಪ ಹಿಡಿಯದೆ, ಒಮ್ಮೆ ಇಟ್ಟ ಪದವನ್ನು ಅಳಿಸದೆ ಬರೆಯುವ ಹೆಮ್ಮೆ ತನ್ನದೆಂದು ಹೇಳಿಕೊಂಡಿದ್ದಾನೆ. ಅದು ಗದುಗಿನ ದೇವರಾದ ವೀರನಾರಾಯಣನ ಕಿಂಕರನಿಗೆ ಸಲ್ಲುವ ಮಾತು. ಆ ಹೆಮ್ಮೆ ದೊಡ್ಡದಾಗಿ ಕೇಳಿಸುವುದೇ ಉಳಿದವರೆಲ್ಲ ಹಲಗೆ ಬಳಪ ಹಿಡಿದು ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರು ಎಂಬ ಕಾರಣಕ್ಕೆ. ನಾವು ಆ ಉಳಿದವರ ಸಾಲಿನವರು. ಆದರೆ ಒಬ್ಬರೇ ಕೂತು ತಿದ್ದುವುದಕ್ಕೆ ಒಂದು ಮಿತಿಯಿದೆ, ನಮಗೆ ಗೊತ್ತಿರುವುದೆಲ್ಲ ಪುಟದ ಮೇಲೆ ಇದೆಯೆಂದೇ ನಮ್ಮ ಕಣ್ಣಿಗೆ ತೋರುತ್ತದೆ. 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ಒಬ್ಬರು ಬರೆದದ್ದನ್ನು ಉಳಿದವರು ಕೇಳುವ ವಾಡಿಕೆ ಇತ್ತು. ನಾವೂ ಕೆಲವರು ವಾರಕ್ಕೊಮ್ಮೆ ಸೇರುತ್ತೇವೆ, ಬರೆದವರು ತಾವು ಓದದೆ ಇನ್ನೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಾರೆ. ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಾಕ್ಯದಲ್ಲಿ ಏನೋ ತೊಡಕಿದೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತುಗಳಿಗೆ ಅಲ್ಲಿ ಅವಕಾಶವಿಲ್ಲ. ಇಲ್ಲಿ ನನಗೆ ತಿಳಿಯಲಿಲ್ಲ, ಇಲ್ಲಿ ಇನ್ನಷ್ಟು ಬೇಕಿತ್ತು ಎಂದು ಮಾತ್ರ ಹೇಳಬೇಕು.

ಈಗ ಯಂತ್ರಗಳೂ ಕನ್ನಡದಲ್ಲಿ ಬರೆದುಕೊಡುತ್ತವೆ. ಅದರ ಬಗ್ಗೆ ನನ್ನ ನಿಲುವು ಸರಳ. ಕಾಗುಣಿತ ನೋಡಲು, ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ನಾನು ಅವುಗಳನ್ನು ಬಳಸುತ್ತೇನೆ. ಬ್ಯಾಡಗಿಯ ಬಗ್ಗೆ ಹೇಗೆ ಬರೆಯಬೇಕೆಂದು ತೀರ್ಮಾನಿಸಿದ್ದು ಗೆಳತಿ ಕೇಳಿದ ಪ್ರಶ್ನೆ ಮತ್ತು ಹಿರಿಯ ರೈತರು ಮುರಿದು ತೋರಿಸಿದ ಕಾಯಿ. ಆ ಎರಡನ್ನು ನಾನೇ ಹೋಗಿ ತರಬೇಕು.

ಉಪನ್ಯಾಸದ ಕೊನೆಗೆ ವಿದ್ಯಾರ್ಥಿನಿಯೊಬ್ಬಳು, ಕಥೆ ಕವನ ಬರೆಯದವರಿಗೆ, ಪತ್ರಿಕೆಗೆ ಹೋಗುವ ಇಚ್ಛೆಯೂ ಇಲ್ಲದವರಿಗೆ ಇದೆಲ್ಲ ಯಾವ ಉಪಯೋಗಕ್ಕೆ ಬರುತ್ತದೆ ಎಂದು ಕೇಳಿದಳು. ಅವಳಿಗೆ ನಾನು ಈಗ ಮಾಡುತ್ತಿರುವ ಕೆಲಸವನ್ನು ತಿಳಿಸಿದೆ. ನಮ್ಮ ಊರಿನ ರೈತರಿಗಾಗಿ ಬೆಳೆ ವಿಮೆಯ ಬಗ್ಗೆ ಒಂದೇ ಪುಟದ ತಿಳಿವಳಿಕೆ ಬರೆಯುತ್ತಿದ್ದೇನೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಿಂದ ಇದೆ. ಗೋವಿನಜೋಳದಂಥ ಮುಂಗಾರಿ ಆಹಾರ ಬೆಳೆಗೆ ರೈತರು ಕಟ್ಟುವ ಕಂತು ವಿಮಾ ಮೊತ್ತದ ಶೇ 2ನ್ನು, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5ನ್ನು ಮೀರುವುದಿಲ್ಲ. ಆಲಿಕಲ್ಲು ಮಳೆ, ಹೊಲಕ್ಕೆ ನೀರು ನುಗ್ಗುವುದು ಮುಂತಾದ ಸ್ಥಳೀಯ ಹಾನಿ ಆದರೆ 72 ಗಂಟೆಗಳೊಳಗೆ ತಿಳಿಸಬೇಕು. ಗೋಡೆಗೆ ಹಚ್ಚುವ ಪ್ರಕಟಣೆಗಳು ಯೋಜನೆಯ ಉದ್ದೇಶದಿಂದ ಆರಂಭವಾಗಿ ಈ ಗಡುವನ್ನು ಕೊನೆಯ ಸಾಲುಗಳಲ್ಲಿ ಸಣ್ಣ ಅಕ್ಷರದಲ್ಲಿ ಹೇಳುವುದುಂಟು. ನಾನು ಗಡುವನ್ನೇ ಮೊದಲ ವಾಕ್ಯ ಮಾಡಿದೆ, ಎರಡನೆಯ ವಾಕ್ಯದಲ್ಲಿ ಕರೆ ಮಾಡಬೇಕಾದ 14447 ಸಂಖ್ಯೆಯನ್ನು ಕೊಟ್ಟೆ, ಯೋಜನೆಯ ಹೆಸರು ಅದರ ನಂತರ ಬಂದಿತು.

ಕರಡನ್ನು ಪಕ್ಕದ ಮನೆಯ ಹಿರಿಯ ಹೆಣ್ಣುಮಗಳಿಗೆ ಓದಿ ಹೇಳಿದೆ, ಅವರೇ ತಮ್ಮ ಹೊಲವನ್ನು ನೋಡಿಕೊಳ್ಳುವವರು. ಎಲ್ಲ ಕೇಳಿ ಅವರು ಕೇಳಿದ್ದು, ‘ಫೋನ್ ಹಚ್ಚಿ ಹೇಳಿದ್ನಿ ಅನ್ನೂದಕ್ಕ ನನ್ನ ಕೈಯಾಗ ಏನು ಉಳೀತೈತಿ?’ ಯೋಜನೆಯ ಮಾರ್ಗಸೂಚಿಯನ್ನು ಓದಿದ್ದ ನನಗೆ ಹೊಳೆಯದಿದ್ದ ಪ್ರಶ್ನೆ ಅದು. ಕರೆ ಮಾಡಿದಾಗ ಕೊಡುವ ನೋಂದಣಿ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು ಎಂಬ ಮಾತನ್ನು ಮೂರನೆಯ ವಾಕ್ಯವಾಗಿ ಸೇರಿಸಿದ್ದೇನೆ, ಆ ಸಂಖ್ಯೆ, ದಿನಾಂಕ ಮತ್ತು ವೇಳೆಯನ್ನು ಬರೆದುಕೊಳ್ಳಲು ಪುಟದ ಕೆಳಭಾಗದಲ್ಲಿ ಜಾಗ ಬಿಟ್ಟಿದ್ದೇನೆ. ಮುಂಗಾರಿ ಬಿತ್ತನೆಗೆ ಮುಂಚೆ ಇದನ್ನು ಊರಲ್ಲಿ ಹಂಚಬೇಕಾಗಿದೆ. ತಮ್ಮ ಊರಿಗೂ ಬೇಕೆನ್ನುವವರು ನನ್ನಿಂದ ಪ್ರತಿ ಪಡೆಯಬಹುದು. ನಿಮ್ಮಲ್ಲಿಯ ಬೆಳೆಗಳ ಹೆಸರನ್ನೂ ಹತ್ತಿರದ ರೈತ ಸಂಪರ್ಕ ಕೇಂದ್ರದ ಹೆಸರನ್ನೂ ಬದಲಿಸಿ, ಹಂಚುವ ಮೊದಲು ನಿಮ್ಮ ಊರಿನ ಒಬ್ಬರಿಗೆ ಓದಿ ಹೇಳಿ, ಅವರೇನು ಕೇಳುತ್ತಾರೆಂದು ನನಗೂ ತಿಳಿಸಿ.